ಅಳಿಯನ ಸಿನಿಮಾ ಆಟಗಾರರೂ ನನ್ನ ಮೇಣದ ಡಬ್ಬಿಯೂ

ನಮ್ಮ ಮನೆಯ ಹಿತ್ತಿಲಿನ ಮರದ ಬೇಲಿಯ ಮೇಲೆ ಒಂದು ಚರ್ಮದ ಗ್ಲೌಸ್ ಹತ್ತು ದಿನದಿಂದ ಕೂತಿದೆ. ಎರಡು ಸಲ ಸೋಪು ಹಚ್ಚಿ ತಿಕ್ಕಿ ತೊಳೆದಿದ್ದೇನೆ. ಚರ್ಮವನ್ನು ಹಾಗೆ ತೊಳೆಯಬಾರದಂತೆ. ತೊಳೆದಾದ ಮೇಲೆ ಹೇಳಿದರು. ಡಲ್ಲಾಸ್ ಪಕ್ಕದ ಈ ಪ್ಲೇನೋದ ಬಿಸಿಲಿಗೆ ಅದೀಗ ಸೆಟೆದು ಹಪ್ಪಳವಾಗಿದೆ. ಇಷ್ಟಾದರೂ ಅಂಗೈಯ ನಡುವಿನ ಕೆಂಪು ಕಲೆ ಹೋಗಿಲ್ಲ. ಹೆಬ್ಬೆರಳಿನ ಅಗಲ ಇದೆ. ಹೆಬ್ಬೆರಳು ನನ್ನದೇ.

ಇಷ್ಟು ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ನಾನು ಶಾಲೆಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಮುಂದಿನದನ್ನು ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು ಓದಿ ಕಲಿತೆ. ಒತ್ತಕ್ಷರ ತಪ್ಪಿದ್ದರೆ ಮಗಳು ಶೈಲಾ ತಿದ್ದುತ್ತಾಳೆ. ಮಾತನ್ನು ತಿದ್ದಬೇಡ ಎಂದು ಹೇಳಿ ಇಟ್ಟಿದ್ದೇನೆ.

ಕಲೆ ಮಾಡಿದವಳು ನಾನು, ನಿಜ. ಆದರೆ ಅದು ರಾದ್ಧಾಂತ ಆದದ್ದು ನನ್ನ ಅಳಿಯ ಪ್ರಸನ್ನನಿಂದ. ಮೈಸೂರಿನವನು. ಎದುರಿಗೆ ‘ರೀ’ ಹಚ್ಚಿಯೇ ಮಾತಾಡಿಸುತ್ತೇನೆ, ಅಳಿಯನಲ್ಲವೇ. ಬರೆಯುವಾಗ ಏಕವಚನ. ಬಹುವಚನಕ್ಕೆ ಅಕ್ಷರ ಜಾಸ್ತಿ ಬೇಕು, ಕೈ ನೋಯುತ್ತದೆ.

ಪ್ರಸನ್ನ ಕುಡಿಯುವುದಿಲ್ಲ, ಸೇದುವುದಿಲ್ಲ. ಬೇಸ್‌ಬಾಲ್ ಸಿನಿಮಾ ನೋಡುತ್ತಾನೆ. ನೋಡಿ ಸುಮ್ಮನಿದ್ದರೆ ನನ್ನದೇನೂ ತಕರಾರಿಲ್ಲ. ಸಿನಿಮಾದ ಆಟಗಾರನನ್ನು ತಂದು ನಿಜವಾದ ಆಟಗಾರನ ಪಕ್ಕ ನಿಲ್ಲಿಸಿ, ಇವನು ಹೆಚ್ಚೋ ಅವನು ಹೆಚ್ಚೋ ಎಂದು ತೂಗುತ್ತಾ ಕೂರುತ್ತಾನೆ. ಒಬ್ಬನೇ ಅಲ್ಲ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಗಿರೀಶ ಎನ್ನುವವನೊಬ್ಬ, ಆಸ್ಟಿನ್‌ನಲ್ಲಿ ನಾಗೇಶ ಎನ್ನುವವನೊಬ್ಬ. ಭಾನುವಾರ ಮಧ್ಯಾಹ್ನ ಊಟ ಆಯಿತೋ ಇಲ್ಲವೋ, ಇವರಿಬ್ಬರ ಮುಖ ನಮ್ಮ ಟಿವಿಯಲ್ಲಿ ಬರುತ್ತದೆ. ಪ್ರಸನ್ನ ಡಲ್ಲಾಸ್ ಕಡೆಯ ತಂಡದ ಪಕ್ಷ, ಗಿರೀಶ ಹ್ಯೂಸ್ಟನ್ನಿನ ಪಕ್ಷ. ಆಸ್ಟಿನ್‌ಗೆ ಅಷ್ಟು ದೊಡ್ಡ ತಂಡವೇ ಇಲ್ಲ. ಹಾಗಾಗಿ ನಾಗೇಶ ಸಿನಿಮಾದವರ ಪಕ್ಷ ಹಿಡಿದಿದ್ದಾನೆ. ಬುದ್ಧಿವಂತ. ಎಂದೂ ಸೋಲದ ಪಕ್ಷ ಅದು.

ಒಂದು ಸಿನಿಮಾದಲ್ಲಿ ಹೊಡೆಯುವವನಿಗೆ ಒಂದು ಕಣ್ಣು ಮಂಜಂತೆ. ಆದರೂ ಕೊನೆಯ ಚೆಂಡನ್ನು ಬೇಲಿ ದಾಟಿಸುತ್ತಾನಂತೆ. ಈ ಒಕ್ಕಣ್ಣನ ಮೇಲೆ ಎರಡು ಭಾನುವಾರ ಹೋದವು.

“ನಮ್ಮ ಹ್ಯೂಸ್ಟನ್ ಪಿಚರ್ ಎಸೆದ್ರೆ ಆ ಒಕ್ಕಣ್ಣನಿಗೆ ಚೆಂಡು ಕಾಣಿಸಬೇಕಲ್ಲಪ್ಪ ಮೊದಲು!” ಎಂದ ಗಿರೀಶ.

“ಕಾಣಬೇಕಾಗಿಲ್ಲೋ ತಮ್ಮಾ, ಅವಂಗ ಚೆಂಡಿನ ಸಪ್ಪಳ ಕೇಳಿದ್ರ ಸಾಕು,” ಎಂದ ನಾಗೇಶ. ಹುಬ್ಬಳ್ಳಿಯವನು.

ನಾನು ಅವಲಕ್ಕಿ ಚೂಡಾದ ತಟ್ಟೆ ಇಡಲು ಹೋದವಳು ತಡೆಯದೆ ಕೇಳಿದೆ. “ಅಲ್ರೀ, ಆ ಒಕ್ಕಣ್ಣ ಖರೇನ ಅದಾನೇನು?”

“ಇಲ್ಲ ಅತ್ತೆ, ಸಿನಿಮಾ ಪಾತ್ರ ಅಷ್ಟೆ,” ಎಂದ ಪ್ರಸನ್ನ.

“ಹಂಗಾದ್ರ ಅವ ಹೆಂಗ ಸೋಲ್ತಾನ್ರೀ? ಬರದಾವ ಸೋಲಿಸಬೇಕಲ್ಲ.”

ಆಸ್ಟಿನ್‌ನಿಂದ, “ಆಂಟಿ ಪಾಯಿಂಟ್ ಛಲೋ ಐತ್ರಿ,” ಎಂದು ಬಂತು. ಮುಗಿಯಿತಲ್ಲ ಎಂದುಕೊಂಡು ಒಳಗೆ ಹೋದೆ. ಮತ್ತೆ ಒಂದು ಗಂಟೆ ಒಕ್ಕಣ್ಣನೇ.

ಇದನ್ನು ಕಂಡರೆ ನನಗೆ ಮೈ ಉರಿಯುವುದಕ್ಕೆ ಕಾರಣ ಇದೆ. ಬರೆದ ಮನುಷ್ಯನನ್ನೂ ಹುಟ್ಟಿದ ಮನುಷ್ಯನನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡು ಸಂಸಾರ ಮಾಡಿದವಳು ನಾನು. ನಮ್ಮ ಯಜಮಾನರು ಗದಗಿನ ಕಡೆಯ ಒಂದು ನಾಟಕ ಕಂಪನಿಯಲ್ಲಿ ರಾಜಾಪಾರ್ಟು ಮಾಡುತ್ತಿದ್ದರು. ರಂಗದ ಮೇಲೆ ಅವರು ಕತ್ತಿ ಹಿರಿದರೆ ಮುಂದೆ ಚಾಪೆಯ ಮೇಲೆ ಕೂತ ಹುಡುಗರು ಎದ್ದು ಹಿಂದಕ್ಕೆ ಓಡುತ್ತಿದ್ದರು. ಬಿಡಾರದಲ್ಲಿ ಹಲ್ಲಿ ಕಂಡರೆ ಯಜಮಾನರು ಓಡುತ್ತಿದ್ದರು. ಸಾವಿರ ಕುದುರೆಗೆ ಅಪ್ಪಣೆ ಕೊಟ್ಟು ಬಂದು ನನ್ನ ಹತ್ತಿರ, “ಏ, ಒಂದೀಟು ಮಜ್ಜಗಿ ಇದ್ರ ಕೊಡ,” ಎನ್ನುವರು.

ಬಾಗಲಕೋಟೆಯ ಕ್ಯಾಂಪಿನಲ್ಲಿ ಒಬ್ಬ ಹೆಣ್ಣುಮಗಳು ರಾಜರನ್ನು ಕಣ್ಣಾರೆ ನೋಡಬೇಕೆಂದು ಬಿಡಾರಕ್ಕೆ ಬಂದಳು. ಕೈಯಲ್ಲಿ ಮಲ್ಲಿಗೆಯ ದಂಡೆ ಬೇರೆ. ಯಜಮಾನರು ಸೊಂಟ ಹಿಡಿದುಕೊಂಡು ಕವುಚಿ ಮಲಗಿದ್ದರು. ನಾನು ಎಣ್ಣೆ ತಿಕ್ಕುತ್ತಿದ್ದೆ.

“ರಾಜರು ಎಲ್ಲಿ ಅದಾರ್ರಿ?”

“ಇವರ ನೋಡವ್ವಾ.”

ಆಕೆ ಬಗ್ಗಿ ನೋಡಿದಳು. “ಇವರಲ್ರಿ,” ಎಂದು ದಂಡೆ ವಾಪಸು ತೆಗೆದುಕೊಂಡು ಹೋಗಿಯೇ ಬಿಟ್ಟಳು. ಯಜಮಾನರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ನಗು. ಕಂಪನಿಯ ಬಟ್ಟೆ ಹೊಲಿಯುವುದು, ಒಗೆಯುವುದು ನನ್ನ ಕೆಲಸ. ರಾಜನ ಅಂಗಿಗೂ ಅವನ ದೂತನ ಅಂಗಿಗೂ ಒಂದೇ ಸೋಪು ಬೇಕಾಗುತ್ತದೆ ಎಂದು ಆ ಹೆಣ್ಣುಮಗಳಿಗೆ ಯಾರು ಹೇಳಬೇಕು?

ಈ ಸಿನಿಮಾಗಳಲ್ಲೂ ನಾನು ಮೊದಲು ನೋಡುವುದು ಪ್ಯಾಂಟನ್ನೇ. ಬಿಳಿ ಪ್ಯಾಂಟು ಹಾಕಿಕೊಂಡು ಮಣ್ಣಲ್ಲಿ ಜಾರಿ ಬೀಳುತ್ತಾರೆ. ಕೆನ್ನೆಯ ಮೇಲೆ ಒಂದು ಬೆರಳಿನಷ್ಟು ಮಣ್ಣು, ಪ್ಯಾಂಟಿನ ಮೇಲೆ ಅಲ್ಲಿಷ್ಟು ಇಲ್ಲಿಷ್ಟು. ನನ್ನ ಮೊಮ್ಮಗಳು ಇಳಾ ಒಂದು ಸಲ ಆಡಿ ಬಂದಳೆಂದರೆ ಈ ಕೆಂಪು ಮಣ್ಣು ಒಳಚಡ್ಡಿಯವರೆಗೆ ಇಳಿದಿರುತ್ತದೆ. ಮಷಿನ್ನಿಗೆ ಹಾಕಿದರೆ ಹೋಗುವುದಿಲ್ಲ. ಕೂತು ತಿಕ್ಕಬೇಕು. ನಾನೇ ತಿಕ್ಕುವುದು. ಇದನ್ನು ಯಾವ ಸಿನಿಮಾದವರೂ ತೋರಿಸಲಿಲ್ಲ.

ಇಳಾಳಿಗೆ ಹನ್ನೊಂದು ವರ್ಷ. ಪಕ್ಕದೂರು ಮೆಕಿನ್ನಿಯ ಒಂದು ಮಕ್ಕಳ ತಂಡದಲ್ಲಿ ಹುಡುಗರ ಜೊತೆಗೇ ಆಡುತ್ತಾಳೆ. ಆಡುತ್ತಾಳೆ ಎಂದರೆ ಹೆಚ್ಚಾಗಿ ಬೆಂಚಿನ ಮೇಲೆ ಕೂರುತ್ತಾಳೆ. ಅವಳಿಗೆ ಪಿಚರ್ ಆಗಬೇಕು, ಎಂದರೆ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವಳು. ಆ ಜಾಗಕ್ಕೆ ಮೂವರು ಹುಡುಗರು ಮೊದಲೇ ಇದ್ದರು. ಬೇಸಿಗೆಯಿಂದ ಹಿತ್ತಿಲಲ್ಲಿ ಬೇಲಿಗೆ ಎಸೆದೆಸೆದು ಎರಡು ಹಲಗೆ ಸಡಿಲ ಮಾಡಿದ್ದಾಳೆ. ಎಸೆಯುವಾಗ ನಾಲಿಗೆ ಹೊರಗೆ ಚಾಚಿ ಕಚ್ಚಿಕೊಳ್ಳುತ್ತಾಳೆ. ಅಂಥ ಅಭ್ಯಾಸ ಯಾವ ಸಿನಿಮಾದವಳಿಗೂ ಇರಲಿಕ್ಕಿಲ್ಲ. ಚಂದ ಕಾಣುವುದಿಲ್ಲವಲ್ಲ. ಕಡೆಗೆ ದಸರೆಯ ವಾರ ಅವರ ಕೋಚು, ಶನಿವಾರದ ಕೊನೆಯ ಆಟಕ್ಕೆ ಇಳಾಳೇ ಮೊದಲ ಪಿಚರ್ ಎಂದು ಹೇಳಿದ. ಕೂಸು ಆ ದಿನ ಎರಡು ಚಪಾತಿ ಹೆಚ್ಚು ತಿಂದಳು.

ಅವಳ ಅಪ್ಪ ಸುಮ್ಮನಿದ್ದನೇ? ಅವನ ಇನ್ನೊಂದು ಸಿನಿಮಾದಲ್ಲಿ ಒಬ್ಬ ಮುದಿ ಪಿಚರ್ ಇದ್ದಾನೆ. ತೋಳಿನಲ್ಲಿ ಬಲ ಇಲ್ಲ. ಸೊಂಟದ ಪಟ್ಟಿಯ ಹಿಂದೆ ಏನೋ ಅಂಟು ಬಚ್ಚಿಟ್ಟುಕೊಂಡು ಚೆಂಡಿಗೆ ಸವರಿ ಎಸೆಯುತ್ತಾನೆ. ಚೆಂಡು ಹಾವಿನ ಹಾಗೆ ಹೊರಳುತ್ತದೆ. ಎಲ್ಲರೂ ನಗುತ್ತಾರೆ, ಕೊನೆಗೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಪ್ರಸನ್ನ ಈ ಕಥೆಯನ್ನು ಕೋಚಿಗೆ ಹೇಳಿದ, ಬೇರೆ ಮಕ್ಕಳ ಅಪ್ಪಂದಿರಿಗೆ ಹೇಳಿದ. “ಮೈ ಡಾಟರ್ ಈಸ್ ಜಸ್ಟ್ ಲೈಕ್ ಹಿಮ್! ನೋ ಮಸಲ್, ಆಲ್ ಟ್ರಿಕ್!” ಎಂದು ಎಲ್ಲರೆದುರು ನಕ್ಕ. ಇಳಾ ತಲೆ ತಗ್ಗಿಸಿಕೊಂಡು ಶೂ ಲೇಸು ಕಟ್ಟುತ್ತಿದ್ದಳು. ಕಟ್ಟಿದ್ದನ್ನೇ ಬಿಚ್ಚಿ ಕಟ್ಟುತ್ತಿದ್ದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ವಾರವೇ ಆಯುಧ ಪೂಜೆ. ನಮ್ಮ ಬೀದಿಯಲ್ಲಿ ನಾಲ್ಕು ಮನೆ ನಮ್ಮವರದು. ನಾಲ್ಕೂ ಡ್ರೈವ್‌ವೇಯಲ್ಲಿ ಕಾರಿನ ಗಾಲಿಯ ಕೆಳಗೆ ನಿಂಬೆಹಣ್ಣು. ಒಳಗೆ ನಾನು ಮಣೆ ಹಾಕಿ ಲ್ಯಾಪ್‌ಟಾಪ್, ಈಳಿಗೆ, ಮಿಕ್ಸರ್, ಅಳಿಯನ ಸ್ಕ್ರೂಡ್ರೈವರ್ ಎಲ್ಲಾ ಸಾಲಾಗಿ ಇಟ್ಟೆ. ಇಳಾಳ ಗ್ಲೌಸನ್ನೂ ಚೆಂಡನ್ನೂ ಇಟ್ಟೆ. ಅವಳ ಆಯುಧ ಅದು, ತಪ್ಪೇನು?

ಕಂಪನಿಯಲ್ಲಿ ಈ ಪೂಜೆ ನನ್ನ ಕೈಯದೇ. ಮರದ ಕತ್ತಿ, ಪರದೆಯ ಹಗ್ಗ, ಬಣ್ಣದ ಪೆಟ್ಟಿಗೆ, ನುಡಿಸುವ ಪೇಟಿ, ಎಲ್ಲಕ್ಕೂ ಬೊಟ್ಟು ಇಡಬೇಕು. ಒಣ ಕುಂಕುಮ ನಿಲ್ಲುವುದಿಲ್ಲ, ಉದುರುತ್ತದೆ. ಹಣೆಗೆ ಇಡುವಾಗ ಮಾಡುವಂತೆ ಮೊದಲು ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಒತ್ತಬೇಕು. ಹಾಗೆ ಒತ್ತಿದರೆ ಯುದ್ಧದ ಸೀನು ಮುಗಿದು ಇಬ್ಬರು ರಾಜರು ಸತ್ತರೂ ಕತ್ತಿಯ ಮೇಲಿನ ಬೊಟ್ಟು ಅಲುಗುತ್ತಿರಲಿಲ್ಲ. ಮೇಣದ ಡಬ್ಬಿ ಈಗಲೂ ನನ್ನ ಚೀಲದಲ್ಲಿದೆ. ಯಜಮಾನರು ಹೋದ ಮೇಲೂ ನಾನು ಹಣೆ ಖಾಲಿ ಬಿಡಲಿಲ್ಲ. ಕೇಳಿದವರಿಗೆ, ಹಣೆ ನನ್ನದು ಎಂದೆ. ಗ್ಲೌಸಿನ ಅಂಗೈಗೆ, ಚೆಂಡು ಬಂದು ಕೂರುವ ಆ ಗುಳಿಯಲ್ಲಿ, ಧಾರಾಳವಾಗಿ ಮೇಣ ಸವರಿ ಹೆಬ್ಬೆರಳಿನಿಂದ ಕುಂಕುಮ ಒತ್ತಿದೆ.

ಶನಿವಾರ ಕಾರಿನಲ್ಲಿ ಇಳಾ ಗ್ಲೌಸಿನೊಳಗೆ ಬೆರಳು ಇಟ್ಟು ನೋಡಿದಳು. ನಮ್ಮ ಮಾತು ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಜ್ಜಿ, ಇಟ್ಸ್ ಸ್ಟಿಕ್ಕಿ. ಕ್ಯಾನ್ ಐ ವೈಪ್ ಇಟ್?” ಅಂಟುತ್ತಿದೆ, ಒರೆಸಲೇ ಎಂದು ಕೇಳಿದ್ದು.

“ಪೂಜಿ ಮಾಡಿದ್ದನ್ನ ಒರಸಬಾರದವ್ವಾ. ಇರಲಿ ಬಿಡು,” ಎಂದೆ ನಾನು.

“ಇರಲಿ ಪುಟ್ಟಾ, ಲಕ್ಕು! ಆ ಮುದಿ ಪಿಚರ್ ತರಾ!” ಎಂದ ಡ್ರೈವ್ ಮಾಡುತ್ತಿದ್ದ ಅವಳಪ್ಪ.

ಶೈಲಾ ಫೋನು ನೋಡುತ್ತಿದ್ದಳು. ಕೂಸು ಮತ್ತೆ ಕೇಳಲಿಲ್ಲ. ಕೇಳಿದವಳು ಅವಳೊಬ್ಬಳೇ ಎಂಬುದನ್ನು ನಾನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಮೈದಾನದಲ್ಲಿ ಉರಿಬಿಸಿಲು. ಇಳಾ ದಿಬ್ಬದ ಮೇಲೆ ನಿಂತಳು. ನಾಲಿಗೆ ಕಚ್ಚಿಕೊಂಡಳು. ಒಂದು ಎಸೆದಳು, ಎರಡು ಎಸೆದಳು. ಹೊಡೆಯುವ ಹುಡುಗ ಎರಡು ಸಲವೂ ಗಾಳಿಗೆ ಹೊಡೆದ. ಮೂರನೆಯದು ಎಸೆದಾಗ ಚೆಂಡು ಹಿಡಿದ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅಂಪೈರಿಗೆ ಕೊಟ್ಟ. ಬಿಳಿ ಚೆಂಡಿನ ಮೇಲೆ ಕೆಂಪು. ಅಂಪೈರು ಹೊಟ್ಟೆಯ ದೊಡ್ಡ ಮನುಷ್ಯ, ನಿಧಾನಕ್ಕೆ ನಡೆದು ದಿಬ್ಬಕ್ಕೆ ಹೋದ. ಗ್ಲೌಸ್ ಇಸಿದುಕೊಂಡು ಒಳಗೆ ಹೆಬ್ಬೆರಳು ಒತ್ತಿದ. ಹೆಬ್ಬೆರಳು ಅಂಟಿತು.

ಈ ಆಟದಲ್ಲಿ ಚೆಂಡಿಗೆ ಹೊರಗಿನದು ಏನೂ ಅಂಟಿಸುವ ಹಾಗಿಲ್ಲ. ಅಂಟಿದ್ದರೆ ಬೆರಳಿನಿಂದ ಬಿಡುವಾಗ ಚೆಂಡು ಹೆಚ್ಚು ತಿರುಗುತ್ತದಂತೆ. ಅದು ಮೋಸ. ನಿಜವಾದ ದೊಡ್ಡ ಆಟಗಾರರನ್ನೂ ಇದಕ್ಕೆ ಹೊರಗೆ ಹಾಕುತ್ತಾರಂತೆ. ಇದೆಲ್ಲಾ ನನಗೆ ಗೊತ್ತಿರಲಿಲ್ಲ. ನಮ್ಮ ಅಳಿಯನಿಗೆ ಗೊತ್ತಿತ್ತು, ಆದರೆ ಅವನಿಗೆ ಅದು ಸಿನಿಮಾದಲ್ಲಿ ಗೊತ್ತಿತ್ತು.

ಕೋಚು ಮೊದಲು ನೋಡಿದ್ದು ಇಳಾಳನ್ನಲ್ಲ, ಪ್ರಸನ್ನನನ್ನು. ಆ ಅಂಟಿನ ಕಥೆ ಹೇಳಿ ನಕ್ಕವನು ಅವನೇ ತಾನೇ. ಪ್ರಸನ್ನ ಎದ್ದು, “ನೋ, ನೋ, ದಟ್ ವಾಸ್ ಓನ್ಲಿ ಮೂವಿ,” ಎಂದ. ಯಾರೂ ನಗಲಿಲ್ಲ. ಎದುರು ತಂಡದ ಕಡೆಯಿಂದ ಯಾರೋ ದೊಡ್ಡವರೇ, “ಚೀಟರ್!” ಎಂದು ಕೂಗಿದರು. ಆ ಪದ ನನಗೂ ಬರುತ್ತದೆ. ಇಳಾ ಅಳಲಿಲ್ಲ. ನನ್ನ ಕಡೆಗೆ ಒಂದೇ ಸಲ ನೋಡಿದಳು. ಅಜ್ಜಿ ಮಾಡಿದ್ದು ಎಂದು ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ.

ನಾನು ಎದ್ದೆ. ಶೈಲಾ ನನ್ನ ಸೆರಗು ಹಿಡಿದಳು. “ಅವ್ವಾ, ಸುಮ್ಮ ಕೂಡು. ಒಳಗ ಹೋಗಬಾರದಲ್ಲಿ!”

“ಬಿಡು. ನೀ ಬಾ, ನಾ ಹೇಳಿದ್ದನ್ನ ಇಂಗ್ಲಿಷಿನ್ಯಾಗ ಹೇಳು,” ಎಂದೆ.

ಅಂಪೈರಿನ ಮುಂದೆ ನಿಂತು ಚೀಲದಿಂದ ಎರಡು ಡಬ್ಬಿ ತೆಗೆದೆ. ಅವನ ಕೈಯಲ್ಲಿದ್ದ ಚೆಂಡು ತೆಗೆದುಕೊಂಡು, ಒಂದು ಡಬ್ಬಿಯಿಂದ ಮೇಣ ಸವರಿ, ಇನ್ನೊಂದರಿಂದ ಕುಂಕುಮ ಒತ್ತಿದೆ. ಗ್ಲೌಸಿನ ಕಲೆಯ ಪಕ್ಕ ಹಿಡಿದೆ. ಆಮೇಲೆ ನನ್ನ ಹಣೆ ತೋರಿಸಿದೆ. ಮೂರೂ ಕಡೆ ಒಂದೇ.

“ಮೈ ಮಿಸ್ಟೇಕ್,” ಎಂದೆ. ನನಗೆ ಬರುವ ಇಂಗ್ಲಿಷಿನಲ್ಲಿ ಅದು ಅರ್ಧ. “ಗರ್ಲ್ ನೋ. ಮೀ.” ಅದು ಇನ್ನರ್ಧ.

ಉಳಿದದ್ದನ್ನು ಶೈಲಾ ಹೇಳಿದಳು: ಇದು ಪೂಜೆ, ನಾವು ಕಾರಿಗೂ ಮಾಡುತ್ತೇವೆ, ಹುಡುಗಿ ಒರೆಸುತ್ತೇನೆಂದು ಕೇಳಿದ್ದಳು, ನಮ್ಮ ತಾಯಿ ಬೇಡ ಎಂದಳು. ಅಂಪೈರು ನನ್ನ ಹಣೆಯನ್ನು ತುಂಬ ಹೊತ್ತು ನೋಡಿದ. ಕೆಟ್ಟವನಲ್ಲ. ಹುಡುಗಿ ಮೋಸ ಮಾಡಿಲ್ಲ ಎಂದು ಎರಡೂ ಕಡೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ. ಆದರೆ ನಿಯಮ ನಿಯಮವೇ, ಈ ದಿನ ಅವಳು ಎಸೆಯುವ ಹಾಗಿಲ್ಲ ಎಂದ. ಬೇರೆಯವರ ಗ್ಲೌಸ್ ಹಾಕಿಕೊಂಡು ಮೈದಾನದ ದೂರದ ಮೂಲೆಯಲ್ಲಿ ನಿಲ್ಲಬಹುದು ಎಂದ.

ನಿಂತಳು. ಸಿನಿಮಾ ಆಗಿದ್ದರೆ ಕೊನೆಯ ಚೆಂಡು ಆ ಮೂಲೆಗೇ ಹಾರಿ ಬರುತ್ತಿತ್ತು, ಅವಳು ಎಗರಿ ಹಿಡಿಯುತ್ತಿದ್ದಳು, ನಾನು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಆ ಮೂಲೆಗೆ ಒಂದೂ ಚೆಂಡು ಬರಲಿಲ್ಲ. ಕೂಸು ಒಂದೂವರೆ ಗಂಟೆ ಬಿಸಿಲಲ್ಲಿ ನಿಂತು ಶೂ ತುದಿಯಿಂದ ಹುಲ್ಲು ಕೆದರಿದಳು. ತಂಡ ಸೋತಿತು. ಮನೆಗೆ ಬಂದವಳೇ ಗ್ಲೌಸನ್ನು ಗ್ಯಾರೇಜಿನ ಕಸದ ಡಬ್ಬಿಗೆ ಹಾಕಿ, “ಐ ಆಮ್ ನಾಟ್ ಪಿಚಿಂಗ್ ಎವರ್ ಅಗೇನ್,” ಎಂದು ಕೋಣೆ ಸೇರಿದಳು. ಇನ್ನು ಎಸೆಯುವುದೇ ಇಲ್ಲವಂತೆ. ನನ್ನ ಜೊತೆ ಮಾತೂ ಇಲ್ಲ. ನಾನು ಕಸದ ಡಬ್ಬಿಯಿಂದ ಗ್ಲೌಸ್ ಎತ್ತಿ ತೊಳೆದದ್ದು ಆಗಲೇ. ಮತ್ತೇನು ಮಾಡಬೇಕು ಎಂದು ತಿಳಿಯದಿದ್ದಾಗ ನಾನು ಏನನ್ನಾದರೂ ತೊಳೆಯುತ್ತೇನೆ.

ಮರುದಿನ ಭಾನುವಾರ. ಟಿವಿಯಲ್ಲಿ ಮುಖಗಳು ಬಂದವು. ನಾಚಿಕೆಯಾದರೂ ಆಗುತ್ತದೆ ಎಂದುಕೊಂಡಿದ್ದೆ. ಪ್ರಸನ್ನ ಎಲ್ಲಾ ವರದಿ ಒಪ್ಪಿಸಿದ.

“ಲೋ, ಇದೇ ಒಂದು ಸಿನಿಮಾ ಕಣೋ!” ಎಂದ ಗಿರೀಶ. “ಅಂಪೈರ್ ಮುಂದೆ ಕುಂಕುಮ! ಆ ಮುದಿ ಪಿಚರ್‌ಗಿಂತ ಇಳಾನೇ ಮೇಲು.”

“ಇಲ್ಲೋ, ಮುದುಕನ ಮ್ಯಾಲ. ಅವ ಸಿಕ್ಕೊಂಡಿಲ್ಲಲ್ಲ,” ಎಂದ ನಾಗೇಶ.

ನಾನು ಹೋಗಿ ಟಿವಿಯ ಮುಂದೆ ನಿಂತೆ. ಮೂವರಿಗೂ ನಾನೇ ಕಾಣಿಸಬೇಕು, ಹಾಗೆ.

“ನೋಡ್ರೀ, ನಿಮ್ಮ ಸಿನಿಮಾದಾಗ ಅಂಟು ಹಚ್ಚಿದ ಮುದುಕಗ ಹೆಗಲ ಮ್ಯಾಲ ಹೊತ್ರು. ಇಲ್ಲಿ ಅಂಟು ಹಚ್ಚದ ಕೂಸಿಗೆ ಚೀಟರ್ ಅಂದ್ರು. ತೂಗೂದಿದ್ರ ಇದನ್ನ ತೂಗ್ರಿ. ನಾ ಮಾಡಿದ್ದು ತಪ್ಪು, ನಾ ಒಪ್ಪಿಕೊಂಡೀನಿ. ನೀವು ನಗಚಾಟಿಕಿ ಮಾಡಿದ್ದಕ್ಕ ಆ ಕೋಚ್ ತಪ್ಪು ತಿಳಕೊಂಡ. ನೀವು ಒಪ್ಪಿಕೊಂಡ್ರೇನು?”

ಆಸ್ಟಿನ್ ಕ್ಯಾಮೆರಾ ಆರಿಸಿತು. ಹ್ಯೂಸ್ಟನ್ನಿಗೆ ಏನೋ ಕೆಲಸ ನೆನಪಾಯಿತು. ಪ್ರಸನ್ನ ರಿಮೋಟು ತೆಗೆದುಕೊಂಡು ಟಿವಿ ಆರಿಸಿ, ಇಳಾಳ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಒಳಗೆ ಏನು ಹೇಳಿದನೋ ಗೊತ್ತಿಲ್ಲ, ಕೇಳಿಸಿಕೊಳ್ಳಲು ನಾನು ಹೋಗಲಿಲ್ಲ. ಮೂರನೇ ದಿನ ಹೊಸ ಗ್ಲೌಸ್ ತಂದುಕೊಟ್ಟ. ಅದು ಅವಳ ಮೇಜಿನ ಮೇಲೆ ಬೆಲೆಚೀಟಿಯ ಸಮೇತ ಹಾಗೇ ಬಿದ್ದಿತ್ತು.

ನಾನು ಕ್ಷಮೆ ಕೇಳುವುದರಲ್ಲಿ ಜಾಣೆಯಲ್ಲ. ಕಂಪನಿಯಲ್ಲಿ ಯಜಮಾನರು ರಂಗದ ಮೇಲೆ ಪಶ್ಚಾತ್ತಾಪಕ್ಕೆ ಎರಡು ಪುಟ ಮಾತಾಡುತ್ತಿದ್ದರು. ಮನೆಯಲ್ಲಿ ಸಿಟ್ಟು ಮಾಡಿ ಹೋದರೆ ಸಂಜೆ ಬಂದು ಸುಮ್ಮನೆ ಕೊಡ ಎತ್ತಿಕೊಂಡು ನಲ್ಲಿಗೆ ಹೋಗುತ್ತಿದ್ದರು. ಅಷ್ಟರಲ್ಲೇ ತಿಳಿದುಕೊಳ್ಳಬೇಕು. ನಿನ್ನೆ ಸಂಜೆ ನಾನೂ ಹಾಗೇ ಮಾಡಿದೆ. ಹಿತ್ತಿಲಲ್ಲಿ ಬಕೆಟ್ ಬೋರಲು ಹಾಕಿ ಕೂತು, ಬೇಲಿಯ ಮೇಲಿನ ಆ ಹಪ್ಪಳವನ್ನು ಎಡಗೈಗೆ ತುರುಕಿಕೊಂಡು, ಸುಮ್ಮನೆ ಕೈ ಚಾಚಿಕೊಂಡಿದ್ದೆ.

ಹತ್ತು ನಿಮಿಷ ಯಾರೂ ಬರಲಿಲ್ಲ. ಪಕ್ಕದ ಮನೆಯವಳು ಬೇಲಿಯ ಸಂದಿಯಲ್ಲಿ ನೋಡಿ, “ಆಂಟಿ, ಆರ್ ಯು ಓಕೆ?” ಎಂದಳು. ಓಕೆ ಎಂದೆ. ಆಮೇಲೆ ಹಿಂಬಾಗಿಲು ತೆರೆಯಿತು. ಇಳಾ ಬಂದು ನನ್ನ ಕೈ ಹಿಡಿದು, ಗ್ಲೌಸನ್ನು ಬಿಚ್ಚಿ, ಸರಿಯಾದ ಬೆರಳನ್ನು ಸರಿಯಾದ ತೂತಿಗೆ ಹಾಕಿದಳು. “ಅಜ್ಜಿ, ಅಲ್ಲಾಡಬೇಡ,” ಎಂದಳು. ಕನ್ನಡದಲ್ಲಿ ಬೈಯಲು ಬರುತ್ತದೆ ಈ ಹುಡುಗಿಗೆ.

ಹೊಸ ಗ್ಲೌಸ್ ಹಾಕಿಕೊಂಡು ಹಿಂದೆ ಹಿಂದೆ ನಡೆದು, ಅಭ್ಯಾಸದ ಮೆತ್ತನೆಯ ಚೆಂಡು ತೆಗೆದುಕೊಂಡಳು. ನಾಲಿಗೆ ಹೊರಗೆ ಬಂತು. ಎಸೆದಳು. ಮೊದಲನೆಯದು ನನ್ನ ಮೊಣಕಾಲಿಗೆ ಬಿತ್ತು. ಎರಡನೆಯದು ಭುಜಕ್ಕೆ. ಮೂರನೆಯದು ತಾನಾಗಿ ಬಂದು ಗ್ಲೌಸಿನಲ್ಲಿ, ಆ ಕೆಂಪು ಕಲೆಯ ಮೇಲೆ ಕೂತಿತು. ನಾನು ಹಿಡಿದದ್ದಲ್ಲ, ಅವಳು ಹಾಗೆ ಎಸೆದದ್ದು.

ಅಷ್ಟರಲ್ಲಿ ಅಳಿಯ ಹಿಂಬಾಗಿಲಿನಲ್ಲಿ ನಿಂತಿದ್ದ. ಕೈಯಲ್ಲಿ ಫೋನು. ಮುಖ ಊರಗಲ.

“ಅತ್ತೆ! ಸೇಮ್ ಸಿನಿಮಾ! ಅದರಲ್ಲೂ ಒಬ್ಬ ಅಜ್ಜಿ ಹಿಂಗೇ ಬಕೆಟ್ ಮೇಲೆ ಕೂತು...”

ಚೆಂಡು ನನ್ನ ಕೈಯಲ್ಲೇ ಇತ್ತು. ಗುರಿ ಇಟ್ಟು ಅವನ ಮೇಲೆಯೇ ಎಸೆದೆ. ತಾಗಲಿಲ್ಲ, ಎರಡು ಮಾರು ಆಚೆ ಹೋಗಿ ಬಿತ್ತು.

ಸಿನಿಮಾ ಆಗಿದ್ದರೆ ತಾಗುತ್ತಿತ್ತು.